ಪಾದ್ರಿಗಳು ಉಂಡ ಮನೆಗಳು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಊರುಗಳ ನಡುವೆ ಹಸಿದುಕೊಂಡೇ ತಿರುಗುತ್ತೇನೆಂದು ಹಟ ಹಿಡಿದರೂ ಅದು ಆಗುವ ಕೆಲಸವಲ್ಲ. ಅಂಗಳಕ್ಕೆ ಕಾಲಿಟ್ಟವನ ಬಾಯಿಗೆ ಏನಾದರೂ ಹಾಕದೆ ಕಳಿಸಿದರೆ ಮನೆಯವರಿಗೆ ಸಮಾಧಾನವಿಲ್ಲ. ಹಾಗಾಗಿ ಮನೆ ಮನೆ ತಿರುಗುವ ಕೆಲಸದವನಿಗೆ ಇಲ್ಲಿ ಊಟದ ಪ್ರಸಂಗಗಳಿಗೆ ಬರವಿಲ್ಲ. ನಾನಂತೂ ಹತ್ತು ವರ್ಷ ತಿರುಗಿದವನು, ಅದೂ ಹೊರದೇಶದ ಒಬ್ಬ ಪಾದ್ರಿಗಳ ಜೊತೆ.

ನಾನು ಆಗ ಮಿಶನ್ನಿನ ಉಪದೇಶಿ. ಉಪದೇಶಿ ಎಂದರೆ ದೊಡ್ಡ ಹುದ್ದೆಯೇನಲ್ಲ. ಪಾದ್ರಿಗಳ ಪುಸ್ತಕದ ಚೀಲ ಹೊರುವುದು, ಅವರ ಕನ್ನಡವನ್ನು ತುಳುವಿಗೆ ತಿರುಗಿಸುವುದು, ನಾಯಿ ಇರುವ ಮನೆಗೆ ಮೊದಲು ಹೋಗುವುದು. ಪಾದ್ರಿಗಳು ಐವತ್ತರ ದಶಕದ ನಡುವೆ ಹಿಮ ಬೀಳುವ ದೇಶದಿಂದ ಬಂದವರು. ಒಬ್ಬಂಟಿ, ನಮ್ಮ ಬಾಗಿಲುಗಳಿಗಿಂತ ಒಂದು ಗೇಣು ಎತ್ತರ. ಕನ್ನಡವನ್ನು ಹಳೆಯ ಪುಸ್ತಕ ನೋಡಿ ಕಲಿತವರಾದ್ದರಿಂದ ಅವರು ಮಾತಾಡಿದರೆ ಅಚ್ಚು ಹಾಕಿದ ಹಾಗಿರುತ್ತಿತ್ತು.

ಅವರಿಗೆ ಒಂದು ವ್ರತವಿತ್ತು. ಹೋದ ಮನೆಯಲ್ಲಿ ಮುಂದಿಟ್ಟದ್ದನ್ನು ಉಣ್ಣಬೇಕೆಂದು ಬೈಬಲ್ಲಿನ ಸುವಾರ್ತೆಯಲ್ಲಿ ಹೇಳಿದೆ. ಅದರ ಪ್ರಕಾರ ಏನಿಟ್ಟರೂ ಉಣ್ಣುವುದು, ಎಲೆಯಲ್ಲಿ ಒಂದು ಅಗುಳೂ ಬಿಡದಿರುವುದು, ಕೊನೆಗೆ "ಬಹು ಚೆನ್ನಾಗಿದೆ" ಎನ್ನುವುದು. ವ್ರತದ ಜೊತೆಗೆ ಒಂದು ಆಸೆಯೂ ಇತ್ತು. ತಾನು ಯಾರ ಅನ್ನ ಉಂಡೆನೋ ಅವರು ಒಂದು ದಿನವಾದರೂ ತನ್ನ ಬಂಗಲೆಗೆ ಬಂದು ಉಣ್ಣಬೇಕು. "ಬರೇ ಉಣ್ಣುವವನು ಅತಿಥಿ. ಉಂಡು ಉಣಿಸುವವನು ನೆರೆಯವನು. ನಾನು ಈ ಊರಿನಲ್ಲಿ ಅತಿಥಿಯಾಗಿಯೇ ಸಾಯಬಾರದು" ಎಂದು ಹೇಳುತ್ತಿದ್ದರು. ವ್ರತ ಮೊದಲ ದಿನದಿಂದಲೇ ನಡೆಯಿತು. ಆಸೆ ಮಾತ್ರ ಹತ್ತು ವರ್ಷ ಕಾಯಿಸಿತು.

೧. ಬೆಲ್ಲ

ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ತಟ್ಟೆಯಲ್ಲಿ ಒಂದು ಅಚ್ಚು ಬೆಲ್ಲ ಇಟ್ಟು, ಚೆಂಬಿನಲ್ಲಿ ನೀರು ತಂದು ಎದುರಿಗಿಡುತ್ತಾರೆ. ಬಂದವರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಾರೆ. ಉಳಿದ ಬೆಲ್ಲ ಒಳಗೆ ಹೋಗುತ್ತದೆ, ಮುಂದಿನ ನೆಂಟರಿಗೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಾನೂ ಪಾದ್ರಿಗಳಿಗೆ ಹೇಳಿಕೊಡಲಿಲ್ಲ.

ಬಂಟ್ವಾಳ ಪೇಟೆಯಲ್ಲಿ ನಮ್ಮ ಮೊದಲ ದಿನದ ಸುತ್ತಾಟ. ಮೊದಲ ಮನೆಯಲ್ಲಿ ಪಾದ್ರಿಗಳು ಬೆಲ್ಲದ ಅಚ್ಚನ್ನು ಪೂರಾ ತಿಂದು ಮುಗಿಸಿದರು. ಎರಡನೆಯ ಮನೆಯಲ್ಲಿಯೂ ಹಾಗೆಯೇ. ಪಾಪ, ಇವರ ದೇಶದಲ್ಲಿ ಸಿಹಿ ಸಿಗುವುದಿಲ್ಲವೇನೋ ಎಂದುಕೊಂಡು ನಾನು ಸುಮ್ಮನಿದ್ದೆ. ಸಾಕಾದಾಗ ಉಪದೇಶಿ ಹೇಳಿಯೇ ಹೇಳುತ್ತಾನೆ ಎಂದುಕೊಂಡು ಅವರು ತಿನ್ನುತ್ತಿದ್ದರು. ಇಬ್ಬರ ಮರ್ಯಾದೆಯ ನಡುವೆ ಬೆಲ್ಲ ಕರಗುತ್ತಿತ್ತು.

ಸುದ್ದಿ ನಮಗಿಂತ ಮುಂದೆ ಓಡಿತು. ನಾಲ್ಕನೆಯ ಮನೆಯ ಅಂಗಡಿಯವರು ನಾವು ಕೂರುವ ಮೊದಲೇ, "ಪಾದ್ರಿಗಳಿಗೆ ಬೆಲ್ಲ ಅಂದ್ರೆ ಜೀವ ಅಂತೆ ಅಲ್ವಾ? ಇದು ಹೊಸದು, ನಿನ್ನೆ ಗಾಡಿಯಲ್ಲಿ ಬಂದದ್ದು, ತಿಂದು ನೋಡಿ" ಎಂದು ಎರಡು ಅಚ್ಚು ಇಟ್ಟರು. ಅಂದು ಒಟ್ಟು ಏಳು ಮನೆ.

ಸಂಜೆ ನೇತ್ರಾವತಿ ದಾಟುವ ದೋಣಿಯಲ್ಲಿ ಪಾದ್ರಿಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತುಂಬ ಹೊತ್ತು ಹೊಳೆಯನ್ನೇ ನೋಡುತ್ತ ಕೂತಿದ್ದರು. ಆಮೇಲೆ ಮೆಲ್ಲನೆ ಕೇಳಿದರು: "ಉಪದೇಶಿಯವರೇ, ನನಗೊಂದು ಸಂದೇಹ. ಈ ಜನರು ಅನ್ನವನ್ನು ಯಾವ ದಿನ ಉಣ್ಣುತ್ತಾರೆ?"

೨. ಮುಳುಗುವ ಹೊತ್ತು

ಮೂಡುಬಿದಿರೆಯಲ್ಲಿ ಒಂದು ಜೈನರ ಮನೆ. ಯಜಮಾನರು ಎಪ್ಪತ್ತು ದಾಟಿದವರು, ತಾಳೆಗರಿ ಓದಬಲ್ಲವರು. ಪಾದ್ರಿಗಳಿಗೂ ಹಳೆಯ ಅಕ್ಷರಗಳ ಹುಚ್ಚು. ಇಬ್ಬರೂ ಮಾತಿಗೆ ಕೂತರೆಂದರೆ ನಾನು ಕಂಬಕ್ಕೆ ಒರಗಿ ಒಂದು ನಿದ್ದೆ ಮುಗಿಸಬಹುದಿತ್ತು.

ಒಂದು ದಿನ ಮಾತು ಮುಗಿಯುವಾಗ ಸಂಜೆಯಾಯಿತು. ಊಟ ಮಾಡದೆ ಕಳಿಸುವುದಿಲ್ಲವೆಂದು ಯಜಮಾನರು ಪಟ್ಟು ಹಿಡಿದರು. ಜೈನರ ಮನೆಯ ಕ್ರಮ ನಿಮಗೆ ಗೊತ್ತಿರಬಹುದು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ಅದರ ಮೇಲೆ ಅತಿಥಿ ಉಣ್ಣುವ ಮೊದಲು ಮನೆಯವರು ಉಣ್ಣುವುದಿಲ್ಲ. ಈ ಎರಡು ನಿಯಮಗಳ ನಡುವೆ ಅಂದು ಉಳಿದದ್ದು ಅರ್ಧ ಗಂಟೆ. ಗಡಿಬಿಡಿಯಲ್ಲಿ ಎಲೆ ಹಾಕಿದರು, ಅನ್ನ, ತೊವ್ವೆ, ಪಲ್ಯ, ತುಪ್ಪ ಬಡಿಸಿದರು.

ಪಾದ್ರಿಗಳು ಕೈ ಜೋಡಿಸಿ, ಕಣ್ಣು ಮುಚ್ಚಿ, ಊಟದ ಪ್ರಾರ್ಥನೆ ಶುರು ಮಾಡಿದರು.

ಅವರ ಪ್ರಾರ್ಥನೆ ನನಗೆ ಗೊತ್ತಿತ್ತು. ಮೊದಲು ಮಳೆಗೆ ಸ್ತೋತ್ರ, ಆಮೇಲೆ ಮಣ್ಣಿಗೆ, ಉಳುವ ಎತ್ತಿಗೆ, ನೆಟ್ಟ ಕೈಗೆ, ಬೇಯಿಸಿದ ಕೈಗೆ. ಅಲ್ಲಿಂದ ರೋಗಿಗಳು, ವಿಧವೆಯರು, ಅನಾಥರು. ಅಂಗಳದ ಆಚೆಗೆ ಬಸದಿಯ ಇಳಿಜಾರು ಮಾಡು, ಅದರ ಪಕ್ಕದಲ್ಲಿ ಸೂರ್ಯ. ಮನೆಯ ಒಂಬತ್ತು ಜನ ಬಾಗಿಲ ಒಳಗೆ ನಿಂತು ಒಮ್ಮೆ ಪಾದ್ರಿಗಳ ಮುಖ ನೋಡುತ್ತಿದ್ದರು, ಒಮ್ಮೆ ಸೂರ್ಯನನ್ನು ನೋಡುತ್ತಿದ್ದರು. ಪಾದ್ರಿಗಳು ವಿಧವೆಯರಿಗೆ ಬರುವಾಗ ಸೂರ್ಯ ಮಾಡಿಗೆ ಬಂದ. ಅನಾಥರು ಮುಗಿಯುವಾಗ ಅರ್ಧ ಇಳಿದ. ಇನ್ನೇನು ಮುಗಿಯಿತು ಎನ್ನುವಾಗ ಪಾದ್ರಿಗಳು ಸಮುದ್ರದಲ್ಲಿ ಪಯಣಿಸುವವರನ್ನು ಹಿಡಿದುಕೊಂಡರು. ಯಜಮಾನರು ನನ್ನನ್ನು ನೋಡಿದರು. ನಾನು ನನ್ನ ಎಲೆಯನ್ನು ನೋಡಿದೆ. ಪ್ರಾರ್ಥನೆಯನ್ನು ನಡುವೆ ನಿಲ್ಲಿಸುವ ಅಧಿಕಾರ ಉಪದೇಶಿಗೆ ಇಲ್ಲ. ಕೊನೆಗೆ ಆಮೆನ್ ಹೇಳುವುದಷ್ಟೇ ಅವನ ಪಾಲು.

ಯಜಮಾನರು ಬಗ್ಗಿ, ಬಹಳ ಮೆತ್ತಗೆ ಹೇಳಿದರು: "ಪಾದ್ರಿಗಳೇ, ನಿಮ್ಮ ದೇವರಿಗೆ ಕತ್ತಲೆ ಆದ ಮೇಲೆಯೂ ಕೇಳ್ತದೆ. ನಮಗೆ ಕತ್ತಲೆ ಆದ ಮೇಲೆ ಉಣ್ಲಿಕ್ಕೆ ಆಗುದಿಲ್ಲ. ಈಗ ಉಣ್ಣುವ. ಉಳಿದವರಿಗೆ ಆಮೇಲೆ ಬೇಡಿಕೊಳ್ಳಿ."

ಪಾದ್ರಿಗಳು ಕಣ್ಣು ಬಿಟ್ಟರು, ಸೂರ್ಯನನ್ನು ನೋಡಿದರು, ಒಂಬತ್ತು ಮುಖಗಳನ್ನು ನೋಡಿದರು, ಕೂಡಲೇ "ಆಮೆನ್" ಎಂದರು. ಕೈತೊಳೆದ ಮೇಲೆ ಉಳಿದ ಪಯಣಿಗರಿಗಾಗಿ ಬೇಡಿಕೊಂಡರು. ಅದು ಮುಗಿಯುವವರೆಗೆ ಯಜಮಾನರೂ ಕೈ ಜೋಡಿಸಿಕೊಂಡೇ ಕೂತಿದ್ದರು.

ಆ ದಿನದಿಂದ ಪಾದ್ರಿಗಳ ಊಟದ ಪ್ರಾರ್ಥನೆ ಒಂದೇ ಉಸಿರಿನದ್ದಾಯಿತು. ನಮ್ಮ ಕ್ರೈಸ್ತ ಸಭೆಯ ಮದುವೆಗಳಲ್ಲಿ ಆಮೇಲೆ ಜನ ಬಿಸಿ ಅನ್ನ ಉಂಡದ್ದು ಆ ಜೈನ ಯಜಮಾನರ ದಯೆಯಿಂದ.

೩. ಸೆಗಣಿ

ಬೆಳ್ತಂಗಡಿಯ ಹತ್ತಿರ ಒಬ್ಬರು ಜೋಯಿಸರು, ಒಳ್ಳೆಯ ಮನುಷ್ಯರು. ಮಧ್ಯಾಹ್ನ ಅವರ ಮನೆಯ ಮುಂದೆ ನಡೆದು ಹೋಗುವುದನ್ನು ಕಂಡರೆ ಕೂಗಿ ಕರೆದು ಊಟ ಹಾಕುತ್ತಿದ್ದರು. ಆದರೆ ಅದು ಬ್ರಾಹ್ಮಣರ ಮನೆ, ಕಾಲವೂ ಆ ಕಾಲ. ಮೊದಲ ಸಲ ಹೋದಾಗ ಪಾದ್ರಿಗಳಿಗೆ ಹೊರಜಗಲಿಯ ಮೇಲೆ ಎಲೆ ಹಾಕಿದರು, ನನಗೆ ಒಂದು ಮೆಟ್ಟಿಲು ಕೆಳಗೆ. ನನ್ನ ಅಜ್ಜ ಕ್ರೈಸ್ತನಾಗಿ ಎಷ್ಟೋ ವರ್ಷಗಳಾದರೂ ಆ ಮೆಟ್ಟಿಲು ನಮ್ಮನ್ನು ಬಿಟ್ಟಿರಲಿಲ್ಲ. ಪಾದ್ರಿಗಳು ಅದನ್ನು ನೋಡಿದರು. ತಮ್ಮ ಎಲೆ ಎತ್ತಿಕೊಂಡು ಇಳಿದು ಬಂದು ನನ್ನ ಪಕ್ಕದಲ್ಲಿ ಕೂತರು. ಜಾಗ ಸಾಲದೆ ಅವರ ಮೊಣಕಾಲು ನನ್ನ ಪಲ್ಯದ ಮೇಲೆಯೇ ಬಂತು. ಆ ಪಲ್ಯ ಯಾವುದೆಂದು ಮರೆತಿದ್ದೇನೆ, ಮೊಣಕಾಲನ್ನು ಮರೆತಿಲ್ಲ.

ಊಟ ಮುಗಿಯಿತು. ಹೊರಗಿನವರು ತಮ್ಮ ಎಲೆ ತಾವೇ ಎತ್ತಿ, ಉಂಡ ಜಾಗಕ್ಕೆ ಸೆಗಣಿ ಸಾರಿಸಬೇಕು. ಜೋಯಿಸರು ಪಾಪ ಸಂಕೋಚದಿಂದಲೇ ಮೂಲೆಯ ಬುಟ್ಟಿ ತೋರಿಸಿದರು. ನನಗೆ ಮೈಯೆಲ್ಲ ಉರಿಯಿತು. ಸಮುದ್ರ ದಾಟಿ ಬಂದವರ ಕೈಗೆ ಸೆಗಣಿಯೇ ಎಂದು ಎದ್ದೆ, ಎರಡು ಮಾತು ಆಡಿಯೇ ಬಿಡುವವನಿದ್ದೆ. ಅಷ್ಟರಲ್ಲಿ ಪಾದ್ರಿಗಳು ತೋಳು ಮಡಿಚಿ ಬುಟ್ಟಿಗೆ ಕೈ ಹಾಕಿ ಆಗಿತ್ತು. ಅವರ ಮುಖದಲ್ಲಿ ಅವಮಾನದ ಗುರುತೇ ಇರಲಿಲ್ಲ. ತವರಿಗೆ ಬಂದ ಹೆಣ್ಣುಮಗಳ ಹಾಗೆ ಖುಷಿಯಾಗಿದ್ದರು.

ಸಂಗತಿ ಏನೆಂದರೆ ಅವರ ತಂದೆ ಹಸು ಸಾಕುವವರು. ಪಾದ್ರಿ ಆಗುವವರೆಗೂ ಇವರ ಕೆಲಸ ಕೊಟ್ಟಿಗೆಯದೇ. ಸೆಗಣಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಜೋಯಿಸರೇ, ಈ ಹಸುವಿಗೆ ಹಸಿರು ಹುಲ್ಲು ಸಾಲದು" ಎಂದರು. ಆಮೇಲೆ ನಮ್ಮ ಎರಡು ಜಾಗ ಸಾರಿಸಿದರು. ಕೈ ನಿಲ್ಲಲಿಲ್ಲ. ಮೆಟ್ಟಿಲು ಸಾರಿಸಿದರು. ಮೆಟ್ಟಿಲು ಚಂದವಾಗಿ ಜಗಲಿ ಮಂಕಾಗಿ ಕಂಡಿತೋ ಏನೋ, ಮಂಡಿಯೂರಿ ಇಡೀ ಜಗಲಿಯನ್ನು ಮೂಲೆಯಿಂದ ಮೂಲೆಗೆ ಸಾರಿಸಿದರು. ಪರಜನರ ಎದುರು ಬಾರದ ಜೋಯಿಸರ ಹೆಂಡತಿ ಬಾಗಿಲಿಗೆ ಬಂದು ನೋಡಿದರು, ತಿರುಗಿ ಸೊಸೆಯಂದಿರಿಗೆ ಹೇಳಿದರು: "ನೋಡಿ ಕಲ್ತುಕೊಳ್ಳಿ. ಒಂದು ಗೆರೆ ಕಾಣ್ತದಾ?"

ಮುಂದಿನ ಸಲ ಹೋದಾಗ ಜೋಯಿಸರು ಎರಡೂ ಎಲೆಗಳನ್ನು ಜಗಲಿಯ ಮೇಲೆಯೇ ಹಾಕಿಸಿದ್ದರು. ಊಟವಾದ ಮೇಲೆ ಕೈ ಅಡ್ಡ ಹಿಡಿದು, "ಎಲೆ ನಾನು ತೆಗೆಸ್ತೇನೆ ಪಾದ್ರಿಗಳೇ. ಇನ್ನು ನೀವು ಸೆಗಣಿ ಮುಟ್ಟುದು ಬೇಡ. ನನ್ನ ಮನಸ್ಸಿಗೆ ಸರಿ ಕಾಣುದಿಲ್ಲ" ಎಂದರು. ನನ್ನ ಕಣ್ಣು ತೇವವಾಯಿತು.

ಒಳಗಿನಿಂದ ಹೆಂಡತಿಯ ಧ್ವನಿ ಬಂತು: "ಎಲೆ ಬೇಕಾದ್ರೆ ತೆಗೆಸಿ. ಸಾರಿಸುದು ಪಾದ್ರಿಗಳೇ ಸಾರಿಸ್ಲಿ. ನಾಡಿದ್ದು ಶ್ರಾದ್ಧ ಉಂಟು."

೪. ಆಟಿಯ ಕಷಾಯ

ಕೊಕ್ಕಡದ ಕಡೆಗೆ ಹೋದವರು ತೋಡಿನಲ್ಲಿ ನೀರು ಏರಿದ್ದರಿಂದ ಒಂದು ರೈತರ ಮನೆಯಲ್ಲಿ ಉಳಿಯಬೇಕಾಯಿತು. ಮರುದಿನ ಆಟಿಯ, ಎಂದರೆ ತುಳುವರ ಆಷಾಢದ, ಅಮಾವಾಸ್ಯೆ. ಆ ದಿನ ನಮ್ಮ ಸೀಮೆಯಲ್ಲಿ ಮನೆಯ ಹಿರಿಯರು ಬೆಳಕು ಹರಿಯುವ ಮೊದಲೇ ಹೋಗಿ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತರುತ್ತಾರೆ. ಅದರ ಕಷಾಯವನ್ನು ಮನೆಯವರೆಲ್ಲ ಖಾಲಿ ಹೊಟ್ಟೆಗೆ ಕುಡಿಯಬೇಕು. ವರ್ಷವಿಡೀ ರೋಗವಿಲ್ಲ ಎನ್ನುತ್ತಾರೆ. ಇರಬಹುದು. ಆ ಕಹಿಯನ್ನು ಕುಡಿದವನ ಮೈಯಲ್ಲಿ ರೋಗಕ್ಕೂ ನಿಲ್ಲಲು ಮನಸ್ಸಾಗಲಿಕ್ಕಿಲ್ಲ.

ತೊಗಟೆ ಜಜ್ಜಿ ರಸ ಹಿಂಡುವ ಸದ್ದು ಕೇಳಿದ ಕೂಡಲೇ ನನಗೆ ದಿನ ಯಾವುದೆಂದು ನೆನಪಾಯಿತು. ಹೊದಿಕೆ ಎಳೆದುಕೊಂಡು ಗೊರಕೆ ಹೊಡೆದೆ. ಪಾದ್ರಿಗಳು ಪ್ರಾರ್ಥನೆಗೆಂದು ಎದ್ದು ಕೂತಿದ್ದರು. ಮನೆಯ ಅಜ್ಜ ಅವರ ಕೈಗೆ ಒಂದು ಲೋಟ ಕೊಟ್ಟರು. ಬೆಳಗಿನ ಹೊತ್ತು, ಬಿಸಿ ಲೋಟ. ಕಾಫಿಯೆಂದು ತಿಳಿದು ಪಾದ್ರಿಗಳು ಒಂದೇ ಗುಟುಕಿಗೆ ಕುಡಿದರು.

ಹೊದಿಕೆಯ ಸಂದಿನಿಂದ ನಾನು ನೋಡುತ್ತಿದ್ದೆ. ಮೊದಲು ಅವರ ಕಿವಿ ಕೆಂಪಾಯಿತು. ಆಮೇಲೆ ಕಣ್ಣಿನಲ್ಲಿ ನೀರು ಬಂತು. ಒಂದು ಕ್ಷಣ ಕಂಬವನ್ನು ಹಿಡಿದುಕೊಂಡರು. ಅಜ್ಜನ ಕಡೆಗೆ ತಿರುಗಿ, "ಬಹು ಚೆನ್ನಾಗಿದೆ" ಎಂದರು.

ಅಜ್ಜ ದಂಗಾಗಿ ನಿಂತರು. "ಇವಳೇ, ಇಲ್ಲಿ ಬಾ. ಪಾದ್ರಿಗಳು ಎಂತ ಹೇಳ್ತಾರೆ ಕೇಳು" ಎಂದು ಅಜ್ಜಿಯನ್ನು ಕರೆದು, ಪಾದ್ರಿಗಳಿಂದ ಇನ್ನೊಮ್ಮೆ ಹೇಳಿಸಿದರು. "ನನಗೆ ಎಂಬತ್ತು ಆಯ್ತು. ಇದನ್ನು ಚೆನ್ನಾಗಿದೆ ಅಂತ ಹೇಳಿದ ಒಂದು ಜನವನ್ನು ನಾನು ಕಂಡದ್ದಿಲ್ಲ ಮಾರಾಯ್ರೆ" ಎಂದು ಸಂತೋಷ ತಡೆಯಲಾರದೆ ತಮ್ಮ ಪಾಲಿನ ಲೋಟವನ್ನೂ ಅವರಿಗೇ ಕೊಟ್ಟರು.

ಆಮೇಲೆ ಪ್ರತಿವರ್ಷ ಆಟಿಯ ಅಮಾವಾಸ್ಯೆಯಂದು ಅಜ್ಜನ ಮಗ ಕೊಕ್ಕಡದಿಂದ ಬೆಳ್ತಂಗಡಿಯ ಬಂಗಲೆಯವರೆಗೆ ಬಾಟಲಿ ಹಿಡಿದುಕೊಂಡು ಬರುತ್ತಿದ್ದ. ಪಾದ್ರಿಗಳು ಅವನ ಎದುರಿನಲ್ಲೇ ಕುಡಿದು ಅದೇ ಮಾತು ಹೇಳಿ ಕಳಿಸುತ್ತಿದ್ದರು. ಪಾದ್ರಿಗಳಿಗೂ ನನಗೂ ಸಾಕಾಗುವಷ್ಟು ಇರುತ್ತಿತ್ತಂತೆ. ನನಗೆ ಹೇಳಲು ಗೊತ್ತಿಲ್ಲ, ಆ ದಿನ ನನಗೆ ಪ್ರತಿವರ್ಷವೂ ಮಂಗಳೂರಿನಲ್ಲಿ ಕೆಲಸ ಬೀಳುತ್ತಿತ್ತು.

೫. ಹತ್ತು ಜನ, ಹತ್ತು ಉಪವಾಸ

ಈಗ ಪಾದ್ರಿಗಳ ಆಸೆಯ ಮಾತಿಗೆ ಬರುತ್ತೇನೆ. ಅವರ ಬಂಗಲೆಗೆ ನಮ್ಮ ಸಭೆಯವರು ಬಂದು ಉಣ್ಣುತ್ತಿದ್ದರು. ಮರದ ವ್ಯಾಪಾರದ ಒಬ್ಬರು ಬ್ಯಾರಿ ಮುಸಲ್ಮಾನರು ಬಂದರೆ ಮೂರು ಲೋಟ ಚಹಾ ಕುಡಿಯದೆ ಏಳುತ್ತಿರಲಿಲ್ಲ. ಆದರೆ ಪಾದ್ರಿಗಳಿಗೆ ದಾರಿಯಲ್ಲಿ ಅನ್ನ ಹಾಕಿದ ಮನೆಗಳು ಹೆಚ್ಚಿನವು ಬೇರೆ. ಅವರು ಕ್ರೈಸ್ತರ ಮನೆಯಲ್ಲಿ ಅನ್ನ ಬಿಡಿ, ನೀರು ಸಹ ಮುಟ್ಟುವ ಹಾಗಿರಲಿಲ್ಲ. ಇದು ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ಪಾದ್ರಿಗಳು ಒಂದು ದಿನ ಅಂಥ ಹತ್ತು ಜನರನ್ನು ಚಹಾಕ್ಕೆ ಕರೆದರು. ಹತ್ತೂ ಜನ ಬಂದರು. ಕರೆದಲ್ಲಿಗೆ ಹೋಗದಿದ್ದರೆ ಮರ್ಯಾದೆ ಹೋಗುತ್ತದೆ, ಹೋದಲ್ಲಿ ಕುಡಿದರೆ ಜಾತಿ ಹೋಗುತ್ತದೆ. ಹಾಗಾಗಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದು ಕುರ್ಚಿಗಳ ತುದಿಯಲ್ಲಿ ಕೂತರು.

ಪಾದ್ರಿಗಳು ತಾವೇ ತಟ್ಟೆ ಹಿಡಿದು ಮೊದಲು ಜೋಯಿಸರ ಎದುರು ನಿಂತರು. "ನನಗೆ ಇವತ್ತು ಸೋಮವಾರದ ಉಪವಾಸ" ಎಂದರು ಜೋಯಿಸರು. ಪಕ್ಕದವರಿಗೆ ತಂದೆಯ ತಿಥಿ. ಅವರ ಪಕ್ಕದವರಿಗೆ ವೈದ್ಯರು ಹೇಳಿದ ಪಥ್ಯ. ಮತ್ತೊಬ್ಬರಿಗೆ ಹರಕೆ. ಇನ್ನಿಬ್ಬರು, ಜೋಯಿಸರ ಮುಖ ನೋಡಿ, "ನಮಗೂ ಸೋಮವಾರ" ಎಂದರು. ಸರದಿ ಬರುವಾಗ ಪೋಸ್ಟ್ ಮಾಸ್ತರರಿಗೆ ಹೇಳಲು ಕಾರಣಗಳೇ ಉಳಿದಿರಲಿಲ್ಲ. "ನನಗೆ ಉಪವಾಸ ನಾಳೆ. ಇವತ್ತಿಂದಲೇ ಸ್ವಲ್ಪ ಅಭ್ಯಾಸ ಮಾಡ್ತಾ ಇದ್ದೇನೆ" ಎಂದರು.

ಪಾದ್ರಿಗಳಿಗೆ ಬೇಸರವಾಗಲಿಲ್ಲ. ಆಶ್ಚರ್ಯದಿಂದ ನನ್ನ ಕಡೆ ತಿರುಗಿ, "ಉಪದೇಶಿಯವರೇ, ಇಷ್ಟು ಭಕ್ತಿಯುಳ್ಳ ಜನರ ನಡುವೆ ನಮ್ಮಿಬ್ಬರಿಗೆ ಏನು ಕೆಲಸ?" ಎಂದು ಕೇಳಿದರು.

ಕೊನೆಯ ಕುರ್ಚಿಯಲ್ಲಿ ಕೂತಿದ್ದವರು ಲಾಯಿಲದ ಗುತ್ತಿನಮ್ಮ. ಗುತ್ತು ಎಂದರೆ ನಮ್ಮಲ್ಲಿ ಊರಿಗೆ ಹಿರಿದಾದ ಭೂಮಾಲೀಕರ ಮನೆ. ಆ ಮನೆಯ ಯಜಮಾನಿಕೆ ಈ ಮುದುಕಿಯದು, ಅವರ ಮಾತಿಗೆ ಎದುರು ಮಾತಿಲ್ಲ. ಅವರು ಎಲೆಯಡಿಕೆ ಚೀಲದ ದಾರ ಎಳೆದು ಕಟ್ಟಿ ಹೇಳಿದರು: "ಇವರಿಗೆ ಯಾರಿಗೂ ಉಪವಾಸ ಇಲ್ಲ ಪಾದ್ರಿಗಳೇ. ನನಗೂ ಇಲ್ಲ. ನಿಮ್ಮಲ್ಲಿ ಕುಡಿಲಿಕ್ಕೆ ಆಗುದಿಲ್ಲ, ಅಷ್ಟೇ. ನೀವು ಒಳ್ಳೆಯವರು, ಅದು ಬೇರೆ ಮಾತು."

ಯಾರೂ ತಲೆ ಎತ್ತಲಿಲ್ಲ. ಪಾದ್ರಿಗಳು ತಟ್ಟೆಯನ್ನು ಮೇಜಿನ ಮೇಲಿಟ್ಟು, ಗುತ್ತಿನಮ್ಮನಿಗೆ ಕೈ ಮುಗಿದು, "ಸತ್ಯ ಹೇಳಿದ್ದಕ್ಕೆ ಉಪಕಾರ ಅಮ್ಮಾ" ಎಂದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಎಲ್ಲರೂ ಹೋದ ಮೇಲೆ ಹತ್ತು ಲೋಟ ಚಹಾ ಹಾಗೆಯೇ ಇತ್ತು. ಉಳಿಸಬಾರದೆಂಬ ವ್ರತ ಬೇರೆ. ಅವರು ಐದು ಕುಡಿದರು, ನಾನು ಐದು ಕುಡಿದೆ. ಆ ದಿನ ಬೆಳ್ತಂಗಡಿಯಲ್ಲಿ ಉಪವಾಸ ಇಲ್ಲದವರು ನಾವಿಬ್ಬರೇ.

೬. ಉಪ್ಪು

ಹತ್ತು ವರ್ಷವಾದ ಮೇಲೆ ಪಾದ್ರಿಗಳಿಗೆ ತಮ್ಮ ದೇಶಕ್ಕೆ ಹಿಂದಿರುಗಬೇಕೆಂದು ಕಾಗದ ಬಂತು. ಪೆಟ್ಟಿಗೆ ಕಟ್ಟುವಾಗಲೂ ಅವರಿಗೆ ಅದೇ ಕೊರಗು. "ಇಷ್ಟು ಮನೆಗಳ ಅನ್ನ ಉಂಡೆ. ಒಂದು ಮನೆಗೂ ಒಂದು ತುತ್ತು ಕೊಡದೆ ಹೋಗುತ್ತಿದ್ದೇನೆ."

ಎಲ್ಲಕ್ಕಿಂತ ದೊಡ್ಡ ಋಣ ಗುತ್ತಿನಮ್ಮನದು. ಬಂದ ಎರಡನೆಯ ವರ್ಷ ಪಾದ್ರಿಗಳಿಗೆ ವಿಷಮಜ್ವರ ಬಂದಾಗ ಮೂರು ವಾರ, ದಿನಕ್ಕೆ ಎರಡು ಸಲ, ಅವರ ಮನೆಯಿಂದ ಗಂಜಿ ಬಂದಿತ್ತು. ಜ್ವರ ಬಿಟ್ಟ ಮೇಲೂ ಅವರ ಮನೆಯಲ್ಲಿ ಉಣ್ಣದ ತಿಂಗಳಿಲ್ಲ. "ಈ ಮೈಯ ಅರ್ಧ ಆ ಗಂಜಿಯದು" ಎಂದು ಪಾದ್ರಿಗಳು ಹೇಳುತ್ತಿದ್ದರು, ಉಳಿದ ಅರ್ಧ ಬಂಟ್ವಾಳದ ಬೆಲ್ಲ ಇರಬೇಕು.

ಹೊರಡುವ ವಾರ ಗುತ್ತಿನ ಮನೆಯಿಂದ ಹೇಳಿಕೆ ಬಂತು. ಶುಕ್ರವಾರ ಪಾದ್ರಿಗಳು ಬಂಗಲೆಯಲ್ಲೇ ಇರಬೇಕು, ಅಮ್ಮ ಊಟಕ್ಕೆ ಬರುತ್ತಾರೆ.

ಪಾದ್ರಿಗಳು ಅದನ್ನು ನನ್ನಿಂದ ಮೂರು ಸಲ ಹೇಳಿಸಿದರು. ಶುಕ್ರವಾರ ಬೆಳಿಗ್ಗೆಯೇ ಮೇಜಿಗೆ ಬಿಳಿ ಬಟ್ಟೆ ಹಾಸಿದರು, ಪಿಂಗಾಣಿ ತಟ್ಟೆ ಒರೆಸಿ ಇಟ್ಟರು, ಹೂ ಇಟ್ಟರು, ತೆಗೆದರು, ಮತ್ತೆ ಇಟ್ಟರು.

ಹತ್ತು ಗಂಟೆಗೆ ಎತ್ತಿನ ಗಾಡಿ ಬಂತು. ಗುತ್ತಿನಮ್ಮ ಇಳಿದರು. ಅವರ ಹಿಂದೆ ಅಕ್ಕಿ ಇಳಿಯಿತು, ತರಕಾರಿ, ತೆಂಗಿನಕಾಯಿ, ಪಾತ್ರೆ, ಬಾಳೆಲೆ, ಎರಡು ಕೊಡಪಾನ ನೀರು, ಕಟ್ಟಿಗೆ, ಮೂರು ಒಲೆಕಲ್ಲು ಇಳಿದವು. ಕೊನೆಗೆ ಮಡಿ ಉಟ್ಟ ಒಬ್ಬರು ಅಡಿಗೆ ಭಟ್ಟರು ಇಳಿದರು. ಅಮ್ಮ ಒಳಗೆ ಇಣುಕಿ ಮೇಜನ್ನು ನೋಡಿದರು. "ಚಂದ ಉಂಟು. ಅದರಲ್ಲಿ ಪುಸ್ತಕ ಇಡಿ" ಎಂದರು. ಭಟ್ಟರು ಮಾವಿನ ಮರದ ಕೆಳಗೆ ಒಲೆ ಹೂಡಿದರು.

ಪಾದ್ರಿಗಳ ಮುಖ ಬಾಡಿತು. "ಅಮ್ಮಾ, ಅಕ್ಕಿ ನಿಮ್ಮದು, ನೀರು ನಿಮ್ಮದು, ಬೆಂಕಿಯೂ ನಿಮ್ಮದು. ನಾನು ಬಡಿಸುವುದು ಯಾವುದನ್ನು?"

"ಜಾಗ ನಿಮ್ಮದಲ್ವಾ?" ಎಂದರು ಅಮ್ಮ.

ಅನ್ನ ಬೆಂದಿತು, ಹುಳಿಗೆ ಕಾಯಿ ಬಿತ್ತು. ಆಗ ಭಟ್ಟರು ಚೀಲ ತಡಕಾಡಿ, "ಅಮ್ಮಾ, ಉಪ್ಪು ಬರ್ಲಿಲ್ಲ" ಎಂದರು.

"ಹೌದಾ? ಮರ್ತು ಹೋಯ್ತು" ಎಂದರು ಅಮ್ಮ. "ಪಾದ್ರಿಗಳಲ್ಲಿ ಉಂಟಲ್ವಾ, ಕೊಡ್ಲಿ. ಉಪ್ಪಿಗೆ ಮೈಲಿಗೆ ಇಲ್ಲ."

ತನ್ನ ತೋಟದ ಯಾವ ಮರದಿಂದ ಯಾವ ವಾರ ಎಷ್ಟು ಕಾಯಿ ಬಿತ್ತೆಂದು ಹೇಳಬಲ್ಲ ಹೆಂಗಸು ಅದು. ಒಲೆಕಲ್ಲನ್ನು ಸಹ ಮರೆಯದವರು ಉಪ್ಪು ಹೇಗೆ ಮರೆತರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯುತ್ತೇನೆ, ಆದರೆ ಗೊತ್ತು.

ಪಾದ್ರಿಗಳು ಒಳಗೆ ಓಡಿದರು, ಓಡುವಾಗ ಬಾಗಿಲಿನ ದಾರಂದಕ್ಕೆ ತಲೆ ಬಡಿದದ್ದೂ ಅವರಿಗೆ ತಿಳಿಯಲಿಲ್ಲ. ಅಡಿಗೆಕೋಣೆಯ ಉಪ್ಪಿನ ಭರಣಿಗೆ ಮೀನಿನ ಕೈ ಸೋಕಿರುತ್ತದೆ, ಅದು ಆಗದು. ಅವರ ಅಕ್ಕ ಹಡಗಿನಲ್ಲಿ ಕಳಿಸಿದ ಉಪ್ಪಿನ ಡಬ್ಬಿಯೊಂದು ಮುಚ್ಚಳ ಸಹ ತೆಗೆಯದೆ ಇತ್ತು. ಅದನ್ನೇ ತಂದು ಭಟ್ಟರ ಮುಂದಿಟ್ಟರು. ಯಾರೂ ಮುಟ್ಟದ ಡಬ್ಬಿ ನೋಡಿ ಭಟ್ಟರಿಗೂ ಸಮಾಧಾನವಾಯಿತು.

ಆ ಉಪ್ಪು ಹಿಟ್ಟಿನ ಹಾಗೆ ನುಣ್ಣಗೆ. ಭಟ್ಟರು ಜೀವಮಾನವಿಡೀ ಹರಳುಪ್ಪು ಹಾಕಿದವರು, ಅಳತೆ ಮುಷ್ಟಿಯದು. ಮುಷ್ಟಿಯಲ್ಲಿ ಹರಳು ಹಿಡಿಸುವುದೆಷ್ಟು, ಹಿಟ್ಟು ಹಿಡಿಸುವುದೆಷ್ಟು? ಅದನ್ನು ಅವರು ಯೋಚಿಸಲಿಲ್ಲ. ಹುಳಿಗೆ ಎರಡು ಮುಷ್ಟಿ, ಸಾರಿಗೆ ಎರಡು, ಪಲ್ಯಕ್ಕೆ ಒಂದು. ಮಡಿಯ ಅಡಿಗೆಯನ್ನು ಬಡಿಸುವ ಮೊದಲು ರುಚಿ ನೋಡುವ ಕ್ರಮವೂ ಇಲ್ಲ.

ಬಂಗಲೆಯ ಜಗಲಿಯಲ್ಲಿ ಮೂರು ಎಲೆ ಬಿತ್ತು. ಅಮ್ಮ ತಾವು ತಂದ ಮಣೆಯ ಮೇಲೆ ಕೂತರು, ಸ್ವಲ್ಪ ದೂರದಲ್ಲಿ ಪಾದ್ರಿಗಳು, ಅವರ ಪಕ್ಕದಲ್ಲಿ ನಾನು. ಮೂವರೂ ಒಂದೇ ನೆಲದಲ್ಲಿ. ಪಾದ್ರಿಗಳು ಒಂದೇ ಉಸಿರಿನ ಪ್ರಾರ್ಥನೆ ಹೇಳಿದರು.

ಮೊದಲ ತುತ್ತಿಗೆ ಮಂಗಳೂರಿನ ಕಡಲೇ ನನ್ನ ಬಾಯಿಗೆ ಬಂತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಪಾದ್ರಿಗಳನ್ನು ನೋಡಿದೆ. ಅವರು ತುತ್ತಿನ ಮೇಲೆ ತುತ್ತು ಉಣ್ಣುತ್ತಿದ್ದರು, ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು. "ಅಮ್ಮಾ, ಬಹು ಚೆನ್ನಾಗಿದೆ" ಎಂದರು.

ಅಮ್ಮ ಬಾಯಲ್ಲಿದ್ದದ್ದನ್ನು ಕಷ್ಟಪಟ್ಟು ನುಂಗಿದರು. ಕೈ ಎಲೆಯ ಮೇಲೆಯೇ ಇಟ್ಟು ಪಾದ್ರಿಗಳನ್ನು ನೋಡಿದರು. "ಪಾದ್ರಿಗಳೇ, ಹತ್ತು ವರ್ಷ ನನ್ನ ಮನೆಯಲ್ಲಿ ಉಂಡು ನೀವು ಹೇಳಿದ್ದು ಇದೇ ಮಾತಲ್ವಾ?"

ಭಟ್ಟರ ಸೌಟು ಗಾಳಿಯಲ್ಲೇ ನಿಂತಿತು. ಪಾದ್ರಿಗಳು ಪಾಪನಿವೇದನೆಗೆ ಬಂದವರ ಹಾಗೆ ತಲೆ ತಗ್ಗಿಸಿದರು.

"ಅಮ್ಮಾ, ಈ ನಾಡಿನಲ್ಲಿ ನಾನು ಎರಡು ಸಂಗತಿಗೆ ಸುಳ್ಳು ಹೇಳಿದ್ದೇನೆ. ಒಂದು ಆಟಿಯ ಕಷಾಯಕ್ಕೆ. ಇನ್ನೊಂದು ಈಗ. ನಿಮ್ಮ ಗಂಜಿಗೆ ಹೇಳಿದ್ದು ಸತ್ಯ."

ಅಮ್ಮ ಉಪ್ಪಿನ ಡಬ್ಬಿಯ ಕಡೆಗೆ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಿತು, ಹೆಗಲು ಕುಲುಕಿತು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. "ಕಷಾಯ ನಮ್ಮದು, ಉಪ್ಪು ನಿಮ್ಮದು. ಸಮ ಆಯ್ತು" ಎಂದರು. ಎದ್ದು ಹೋಗಬಹುದಿತ್ತು, ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಮುಂದಿಟ್ಟದ್ದನ್ನು ಬಿಡಬಾರದೆಂದು ಪಾದ್ರಿಗಳ ಹಾಗೆಯೇ ಅವರೂ ಎಲೆಯ ಕೊನೆಯ ಅಗುಳಿನವರೆಗೆ ಉಂಡರು. ತುತ್ತಿಗೊಂದು ಗುಟುಕು ನೀರು. ನಾನೂ ಬಿಡಲಿಲ್ಲ. ಗಾಡಿಯಲ್ಲಿ ಬಂದ ಎರಡು ಕೊಡಪಾನದಲ್ಲಿ ಅಡಿಗೆಗೆ ಹೋಗಿ ಉಳಿದದ್ದು ಅರ್ಧ. ಅದೂ ಪಲ್ಯಕ್ಕೆ ಬರುವಷ್ಟರಲ್ಲಿ ಮುಗಿದುಹೋಯಿತು.

ಅಮ್ಮ ಖಾಲಿ ಚೆಂಬನ್ನು ನೋಡಿದರು. ಲಾಯಿಲದ ದಾರಿಯನ್ನು ನೋಡಿದರು. ಬಂಗಲೆಯ ಬಾವಿಯನ್ನು ನೋಡಿದರು.

"ಪಾದ್ರಿಗಳೇ, ನಿಮ್ಮ ಬಾವಿಯಿಂದ ಒಂದು ಕೊಡ ನೀರು ಸೇದಿ ತನ್ನಿ."

ಭಟ್ಟರು ಸೌಟು ಕೆಳಗಿಟ್ಟು ಮುಂದೆ ಬಂದರು. "ಅಮ್ಮಾ, ಅದು..."

"ನೀವು ಸುಮ್ಮನಿರಿ ಭಟ್ರೆ. ಮುಷ್ಟಿ ಮುಷ್ಟಿ ಹಾಕುವಾಗ ಯೋಚನೆ ಮಾಡ್ಬೇಕಿತ್ತು."

ಪಾದ್ರಿಗಳು ಹೋದರು. ಹಗ್ಗ ಎಳೆಯುವ ಅವಸರಕ್ಕೆ ಅರ್ಧ ನೀರು ಬಾವಿಗೇ ಬಿತ್ತು. ಉಳಿದ ಅರ್ಧವನ್ನು ಎರಡು ಕೈಯಲ್ಲಿ ಎದೆಗವಚಿಕೊಂಡು ತಂದು ಅಮ್ಮನ ಚೆಂಬಿಗೆ ಹೊಯ್ದರು. ಅಮ್ಮ ಚೆಂಬನ್ನು ಎತ್ತಿ, ಎಲ್ಲರೂ ನೋಡುತ್ತಿದ್ದ ಹಾಗೆ, ಗಟಗಟ ಕುಡಿದು ಕೆಳಗಿಟ್ಟರು.

ಅಮ್ಮ ಬಾಯಿ ಒರೆಸಿಕೊಂಡು, ಪಾದ್ರಿಗಳ ಪುಸ್ತಕದ ಕನ್ನಡದಲ್ಲಿಯೇ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದರು: "ಬಹು ಚೆನ್ನಾಗಿದೆ."

ಅದು ಸುಳ್ಳಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ. ಇನ್ನೂ ಮೂರು ಚೆಂಬು ಕೇಳಿ ಕುಡಿದರು.